ನಾಟಿ ಕೋಳಿಯ ತೂಕ

ಒಂದೇ ಹಕ್ಕಿಗೆ ನಮ್ಮ ನಾಡಿನಲ್ಲಿ ಮೂರು ಹೆಸರುಗಳು ಸಲ್ಲುತ್ತವೆ. ಹಳೆಯ ಮೈಸೂರಿನ ಕಡೆ ಅದು ನಾಟಿ ಕೋಳಿ. ಧಾರವಾಡ, ವಿಜಯಪುರ, ಕಲಬುರಗಿಗಳ ಕಡೆ ಜವಾರಿ ಕೋಳಿ. ಘಟ್ಟ ಇಳಿದು ಕರಾವಳಿಗೆ ಹೋದರೆ ಊರ ಕೋಳಿ. ಈ ಮೂರರಲ್ಲಿ ಯಾವುದೂ ಹಕ್ಕಿಯ ಬಣ್ಣವನ್ನಾಗಲಿ, ಜುಟ್ಟಿನ ಆಕಾರವನ್ನಾಗಲಿ, ಮೈಯ ಗಾತ್ರವನ್ನಾಗಲಿ ಸೂಚಿಸುವುದಿಲ್ಲ. ‘ಇದು ಇಲ್ಲಿಯದು’ ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ಮೇಲಾಗಿ, ಈ ವಿಶೇಷಣಗಳಿಗೆ ಬಹಳ ವಯಸ್ಸಾದಂತೆಯೂ ತೋರುವುದಿಲ್ಲ. ಹಿತ್ತಿಲಲ್ಲಿ ಕೆದಕುತ್ತಿದ್ದ ಕೋಳಿಯೊಂದೇ ಕೋಳಿಯಾಗಿದ್ದ ಕಾಲದಲ್ಲಿ ಅದನ್ನು ಬರಿಯ ‘ಕೋಳಿ’ ಎಂದರೆ ಸಾಕಾಗಿತ್ತು. ಫಾರಂ ಕೋಳಿ ಬಂದ ಮೇಲೆಯೇ ಮನೆಯದಕ್ಕೆ ನಾಟಿ ಎಂಬ ಗುರುತುಚೀಟಿ ಅಗತ್ಯವಾಗಿರಬೇಕು. ಹಳಗನ್ನಡದಲ್ಲಿ ಇದು ‘ಕೋೞಿ’. ಆ ೞಕಾರವನ್ನು ನಾವು ಎಂದೋ ಕಳೆದುಕೊಂಡೆವು. ತಮಿಳರು ಇಂದಿಗೂ ಉಳಿಸಿಕೊಂಡಿದ್ದಾರೆ. ತುಳುವರು ‘ಕೋರಿ’ ಮಾಡಿಕೊಂಡರು. ಅಕ್ಷರ ಕಳೆದುಹೋದದ್ದಕ್ಕೆ ವ್ಯಾಕರಣಕಾರರ ಬಳಿ ದಾಖಲೆಯುಂಟು. ಹಕ್ಕಿಯ ಮೈಯಿಂದ ಏನೇನು ಕಳೆದುಹೋಗುತ್ತಿದೆ ಎಂಬುದಕ್ಕೆ ಲೆಕ್ಕ ಇಡುವವರು ವಿರಳ. ಆ ಲೆಕ್ಕವನ್ನು ಒಂದು ಪುಟ್ಟ ತಕ್ಕಡಿಯಿಂದ ಇಡಬಹುದು ಎಂಬುದೇ ಈ ಲೇಖನದ ವಿಷಯ.

ನಮ್ಮ ದೇಶದ ತಳಿಗಳೆಲ್ಲವೂ ಹೀಗೆ ಅನಾಮಧೇಯವಲ್ಲ. ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಕೇಂದ್ರವು ದೇಶೀ ಕೋಳಿತಳಿಗಳಿಗೆ ಒಂದು ನೋಂದಣಿ ಪಟ್ಟಿಯನ್ನು ಇಟ್ಟಿದೆ. ಅದರಲ್ಲಿ ಮಧ್ಯಪ್ರದೇಶದ ಭಿಲ್ ಜನರು ಸಾಕಿಕೊಂಡು ಬಂದ, ಮಾಂಸವೂ ಕಪ್ಪಾಗಿರುವ ಕಡಕನಾಥವಿದೆ. ಝಾಬುವಾದ ಈ ಹಕ್ಕಿಯ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು. ಕೇರಳದ ತಲಶ್ಶೇರಿ ಕೋಳಿಯಿದೆ, ನಿಕೋಬಾರ್ ದ್ವೀಪದ ಗಿಡ್ಡ ಕಾಲಿನ ಕೋಳಿಯಿದೆ, ಆಂಧ್ರಕ್ಕೂ ಕರ್ನಾಟಕಕ್ಕೂ ಸೇರಿದ ಘಾಗಸ್ ಇದೆ. ಇವೆಲ್ಲಕ್ಕೂ ಹಿರಿಯನಂತೆ ಎದೆಯುಬ್ಬಿಸಿ ನಿಂತದ್ದು ಅಸೀಲ್. ‘ಅಸೀಲ್’ ಎಂದರೆ ಮೂಲದ್ದು, ಕುಲೀನ ಎಂದು ಅರ್ಥ. ನಾವು ‘ಅಸಲು’, ‘ಅಸಲಿ’ ಎನ್ನುತ್ತೇವಲ್ಲ, ಆ ಅರಬ್ಬೀ ಧಾತುವಿನಿಂದಲೇ ಬಂದ ಮಾತು. ಕಾಳಗಕ್ಕೆಂದು ಬೆಳೆಸಿದ ಈ ಹುಂಜ ಬಲಿತಾಗ ಮೂರರಿಂದ ನಾಲ್ಕು ಕಿಲೋ ತೂಗುತ್ತದೆ. ಕಡಕನಾಥದ ಹುಂಜ ಒಂದೂವರೆಯಿಂದ ಎರಡು ಕಿಲೋಗೆ ನಿಲ್ಲುತ್ತದೆ.

ಈ ಅಸೀಲಿನ ಪ್ರವಾಸಕಥೆ ಸೋಜಿಗವಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದವರು ಭಾರತದಿಂದ ಹೋದ ಅಸೀಲನ್ನು ತಮ್ಮ ಕಾಳಗದ ಕೋಳಿಗಳೊಡನೆ ಬೆರೆಸಿ ಒಂದು ತಳಿ ತೆಗೆದರು. ‘ಇಂಡಿಯನ್ ಗೇಮ್’ ಎಂದು ಕರೆದರು. ಅದು ಜಗಳಕ್ಕೆ ಮಂದವಾಯಿತು, ಆದರೆ ಎದೆಯ ಮಾಂಸ ಮಾತ್ರ ಅಗಲವಾಗಿ ತುಂಬಿಕೊಂಡಿತು. ಅಮೆರಿಕಕ್ಕೆ ಹೋಗಿ ‘ಕಾರ್ನಿಷ್’ ಎನಿಸಿಕೊಂಡಿತು. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಅಲ್ಲಿ ‘ನಾಳೆಯ ಕೋಳಿ’ ಎಂಬ ಹೆಸರಿನ ಸ್ಪರ್ಧೆಯೊಂದು ನಡೆಯಿತು. ಸಾಕಣೆಗಾರರು ಮೊಟ್ಟೆಗಳನ್ನು ಕಳುಹಿಸಬೇಕು. ಎಲ್ಲವನ್ನೂ ಒಂದೇ ಕಡೆ ಮರಿ ಮಾಡಿಸಿ, ಒಂದೇ ಆಹಾರ ಕೊಟ್ಟು, ಗೊತ್ತಾದ ವಾರಗಳ ಮೇಲೆ ಕೊಯ್ದು, ತೂಗಿ, ಅಂಕ ಕೊಡುವುದು. 1948ರ ಅಂತಿಮ ಸುತ್ತಿನಲ್ಲಿ ಗೆದ್ದದ್ದು ಕ್ಯಾಲಿಫೋರ್ನಿಯದ ವ್ಯಾಂಟ್ರೆಸ್ ಎಂಬ ಸಾಕಣೆಗಾರ ಕಾರ್ನಿಷ್ ಹುಂಜವನ್ನು ನ್ಯೂ ಹ್ಯಾಂಪ್‌ಷೈರ್ ಹೇಂಟೆಗೆ ಕೂಡಿಸಿ ಪಡೆದ ಸಂಕರ. ಇಂದಿನ ಬ್ರಾಯ್ಲರಿನ ವಂಶವೃಕ್ಷದಲ್ಲಿ ತಂದೆಯ ಕಡೆಯ ಬೇರು ಈ ಕಾರ್ನಿಷ್. ಅಂದರೆ, ನಮ್ಮ ಪಟ್ಟಣಗಳ ಕೋಳಿ ಅಂಗಡಿಯ ಪಂಜರದಲ್ಲಿ ಎದ್ದು ನಿಲ್ಲಲಾರದೆ ಕುಳಿತಿರುವ ಬಿಳಿಯ ಹಕ್ಕಿಯ ಎದೆಯಲ್ಲಿ ಒಂದು ತುಣುಕು ನಮ್ಮ ಅಸೀಲಿನದೇ. ಊರು ಬಿಟ್ಟುಹೋದ ಮಗ ನೂರೈವತ್ತು ವರ್ಷ ಕಳೆದು ಮರಳಿ ಬಂದಾಗ ಹೆತ್ತವಳಿಗೂ ಗುರುತು ಸಿಕ್ಕದಂತಾಯಿತು.

ತಕ್ಕಡಿಯನ್ನೇ ದೇವರೆಂದು ನಂಬಿ ತಳಿ ತೆಗೆದರೆ ಏನಾಗುತ್ತದೆಂಬುದಕ್ಕೆ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ದೊರೆತ ನಿದರ್ಶನಕ್ಕಿಂತ ಸ್ಪಷ್ಟವಾದದ್ದು ಬೇರೊಂದಿಲ್ಲ. ಅಲ್ಲಿ 1957ರ ಮತ್ತು 1978ರ ಮಾಂಸದ ಕೋಳಿಗಳ ವಂಶಗಳನ್ನು ಆಯ್ಕೆಗೆ ಒಳಪಡಿಸದೆ ಹಾಗೆಯೇ ಕಾಪಾಡಿಕೊಂಡು ಬಂದಿದ್ದರು. ಇವೆರಡನ್ನೂ 2005ರ ಬ್ರಾಯ್ಲರನ್ನೂ ಒಂದೇ ಆಹಾರದಲ್ಲಿ ಬೆಳೆಸಿ ಐವತ್ತಾರನೆಯ ದಿನ ತೂಗಿದರು. 1957ರ ವಂಶ 905 ಗ್ರಾಂ. 1978ರದು 1808 ಗ್ರಾಂ. 2005ರದು 4202 ಗ್ರಾಂ. 2014ರಲ್ಲಿ ಈ ಅಂಕಿಗಳು ಪ್ರಕಟವಾದವು. ಆಹಾರ ಒಂದೇ, ದಿನಗಳು ಒಂದೇ. ಬದಲಾದದ್ದು ರಕ್ತ ಮಾತ್ರ. ಇದು ಬೆರಗಾಗಬೇಕಾದ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಬಡವನ ತಟ್ಟೆಗೆ ಮಾಂಸ ಬಂದದ್ದು ಇದರಿಂದ; ಇದನ್ನು ಹಳಿಯುವ ಗೋಜಿಗೆ ನಾನು ಹೋಗಲಾರೆ. ಆದರೆ ಬ್ರಾಯ್ಲರಿನ ತಾಯಿತಂದೆಗಳಿಗೆ ಹೊಟ್ಟೆ ತುಂಬ ಮೇವು ಹಾಕುವಂತಿಲ್ಲ ಎಂಬುದನ್ನು ಕೇಳಿದಾಗ ಮನಸ್ಸು ತುಸು ಹಿಂಜರಿಯುತ್ತದೆ. ಹಾಕಿದರೆ ಅವು ತಮ್ಮ ತೂಕಕ್ಕೆ ತಾವೇ ಸೋತು ಸಂತಾನಕ್ಕೆ ಒದಗದೆ ಹೋಗುತ್ತವೆ. ಮಕ್ಕಳು ಆರು ವಾರದಲ್ಲಿ ಎರಡು ಕಿಲೋ ದಾಟಬೇಕಾದರೆ ತಂದೆತಾಯಿಗಳು ಜನ್ಮವಿಡೀ ಅರೆಹೊಟ್ಟೆಯಲ್ಲಿರಬೇಕು!

ಇನ್ನು ನಮ್ಮ ಹಿತ್ತಿಲಿಗೆ ಬರೋಣ. ಊರಿನ ಮನೆಯಲ್ಲಿ ಅವ್ವ ಇಪ್ಪತ್ತು ಇಪ್ಪತ್ತೈದು ನಾಟಿ ಕೋಳಿಗಳನ್ನು ಇಟ್ಟುಕೊಂಡಿದ್ದಾಳೆ. ಕಾಲೇಜಿಗೆ ಬಿಡುವಿದ್ದಾಗಲೆಲ್ಲ, ಸಾಮಾನ್ಯವಾಗಿ ಭಾನುವಾರಗಳಲ್ಲಿ, ಅಲ್ಲಿಗೆ ಹೋಗಿ ಅವುಗಳನ್ನು ತೂಗಿ ಬರೆದಿಡುವ ಒಂದು ಅಭ್ಯಾಸ ನನಗೆ ನಾಲ್ಕೈದು ವರ್ಷಗಳಿಂದ ಅಂಟಿಕೊಂಡಿದೆ. ತೂಗುವುದರಲ್ಲೇನು ವಿದ್ಯೆಯೆಂದು ವಾಚಕರು ಕೇಳಬಹುದು. ಸಂಜೆ ಮೇದು ಬಂದ ಹುಂಜದ ಕೊರಳ ಬುಡದಲ್ಲಿರುವ ಕಾಳುಚೀಲ ರಾಗಿ, ಹುಳು, ನೀರುಗಳಿಂದ ತುಂಬಿರುತ್ತದೆ. ಆಗ ತೂಗಿದರೆ ನಾವು ತೂಗುವುದು ಹುಂಜವನ್ನಲ್ಲ, ತಿಪ್ಪೆಯನ್ನು. ಆದ್ದರಿಂದ ಬೆಳಗಿನ ಜಾವ, ಗೂಡಿನ ಬಾಗಿಲು ತೆರೆಯುವ ಮುನ್ನ, ಬರಿಹೊಟ್ಟೆಯಲ್ಲಿರುವಾಗಲೇ ತೂಗಬೇಕು. ಮಬ್ಬುಗತ್ತಲಲ್ಲಿ ಕೋಳಿಗಳು ಗಲಾಟೆ ಮಾಡುವುದೂ ಇಲ್ಲ. ಮರಿಗಳಿಗೆ ಅಡುಗೆಮನೆಯ ಪುಟ್ಟ ತಕ್ಕಡಿ, ಮೇಲೊಂದು ಬಟ್ಟಲು. ದೊಡ್ಡವಕ್ಕೆ ಬಟ್ಟೆಯ ಚೀಲ, ಕೊಕ್ಕೆಯ ತಕ್ಕಡಿ. ಗುರುತಿಗೆ ಕಾಲಿಗೊಂದು ಬಣ್ಣದ ದಾರ. ಅದನ್ನು ಎರಡು ವಾರಕ್ಕೊಮ್ಮೆ ಸಡಿಲಿಸದಿದ್ದರೆ ಬೆಳೆಯುವ ಕಾಲಿನೊಳಗೆ ಹೂತುಹೋಗುತ್ತದೆ.

ನಾಟಿ ಹೇಂಟೆಯ ಮೊಟ್ಟೆ ನಲವತ್ತು ಗ್ರಾಂ ಆಸುಪಾಸು. ಒಡೆದು ಬಂದ ಮರಿ ಮೊಟ್ಟೆಯ ತೂಕದ ಮೂರರಲ್ಲಿ ಎರಡು ಪಾಲು ತೂಗುತ್ತದೆ. ಹೀಗಾಗಿ ಮೊದಲ ದಿನದ ತೂಕ ತಾಯಿಯ ಮೊಟ್ಟೆಯ ಮಾತನ್ನೇ ಹೇಳುತ್ತದೆ. ತಂದೆಯ ಮಾತು ಕೇಳಬೇಕಾದರೆ ಎಂಟು ಹತ್ತು ವಾರ ಕಾಯಬೇಕು. ನನ್ನ ಪುಸ್ತಕದಲ್ಲಿ ನಾಲ್ಕನೆಯ ವಾರಕ್ಕೆ ನೂರೈವತ್ತು ಗ್ರಾಂ, ಎಂಟನೆಯದಕ್ಕೆ ನಾನೂರು, ಹನ್ನೆರಡಕ್ಕೆ ಏಳುನೂರು, ಹದಿನಾರಕ್ಕೆ ಒಂದು ಕಿಲೋ, ಇಪ್ಪತ್ತನೆಯ ವಾರಕ್ಕೆ ಹುಂಜಗಳು ಒಂದು ಕಿಲೋ ಮುನ್ನೂರು ಗ್ರಾಂ ಎಂಬಂತೆ ಸಾಲುಗಳಿವೆ. ಮರಿಗಳು ನೆಲ ಕೆದಕಿ ತಿನ್ನುವುದೇ ಹೆಚ್ಚು; ಜೊತೆಗೆ ರಾಗಿಯ ತರಿ, ಅಕ್ಕಿಯ ನುಚ್ಚು. ಒದ್ದೆ ಗೋಣಿಚೂರು, ಸಗಣಿ ತುಂಬಿದ ಮಡಕೆಯನ್ನು ರಾತ್ರಿ ಹುತ್ತದ ಬಳಿ ಕವುಚಿಟ್ಟರೆ ಬೆಳಗ್ಗೆ ಗೆದ್ದಲು ತುಂಬಿರುತ್ತದೆ. ಅದಕ್ಕಿಂತ ಒಳ್ಳೆಯ ಆಹಾರ ಮರಿಗಳಿಗೆ ಯಾವ ಅಂಗಡಿಯಲ್ಲೂ ಸಿಕ್ಕದು. ಐದನೆಯ ತಿಂಗಳು ಕಳೆದ ಮೇಲೆ ವಾರದ ಏರಿಕೆ ಕುಗ್ಗುತ್ತದೆ. ಆ ಸುಮಾರಿಗೆ ಕೊಯ್ಯುವುದೇ ರೂಢಿ. ಇನ್ನೂ ತಡೆದರೆ ಮಾಂಸದೊಳಗಿನ ನಾರು ಬಿಗಿಯುತ್ತದೆ, ಸೌದೆ ಹೆಚ್ಚು ಸುಡುತ್ತದೆ. ಬೇಗ ಕೊಯ್ದರೆ ಸಾರಿಗೆ ಆ ಸಾರ ಬಾರದು. ಪುಕ್ಕ, ರಕ್ತ, ಕರುಳು, ತಲೆ, ಪಾದಗಳು ಕಳೆದು ಒಂದೂವರೆ ಕಿಲೋ ಹುಂಜ ಒಂದು ಕಿಲೋ ಮಾಂಸವಾಗುತ್ತದೆ. ಫಾರಂ ಕೋಳಿಯ ತೊಗಲನ್ನು ಅಂಗಡಿಯವನು ಸುಲಿದು ಎಸೆಯುತ್ತಾನೆ. ನಾಟಿ ಕೋಳಿಯನ್ನು ಪುಕ್ಕ ಕಿತ್ತು, ಬೆಂಕಿಯಲ್ಲಿ ಹಾಯಿಸಿ, ಅರಿಸಿನ ಹಚ್ಚಿ, ತೊಗಲಿನೊಂದಿಗೇ ಕತ್ತರಿಸುತ್ತಾರೆ. ಮುದ್ದೆಯ ಜೊತೆಗಿನ ಸಾರಿನ ರುಚಿಯಲ್ಲಿ ಅರ್ಧ ಆ ಸುಟ್ಟ ತೊಗಲಿನದು.

ರೋಗದ ಮಾತನ್ನೂ ಹೇಳದೆ ಮುಂದೆ ಹೋಗಬಾರದು. ಹಳ್ಳಿಯ ಕೋಳಿಗೂಡುಗಳನ್ನು ಒಂದೇ ವಾರದಲ್ಲಿ ಬರಿದು ಮಾಡುವ ಕೊಕ್ಕರೆ ರೋಗಕ್ಕೆ ಭಾರತದಲ್ಲಿ ರಾಣಿಖೇತ್ ಎಂದು ಹೆಸರು. 1927ರಲ್ಲಿ ಹಿಮಾಲಯದ ಆ ಊರಿನಲ್ಲಿ ಗುರುತಿಸಿದ್ದರಿಂದ ಬಂದ ಹೆಸರು. ಮರಿಗೆ ಒಂದು ವಾರವಾದಾಗ ಒಂದು ಹನಿ, ಎರಡು ತಿಂಗಳಾದಾಗ ಒಂದು ಚುಚ್ಚುಮದ್ದು, ಇಷ್ಟರಿಂದ ತಪ್ಪಿಸಬಹುದಾದ ಸಾವು ಅದು. ತಕ್ಕಡಿ ಇಲ್ಲಿಯೂ ನೆರವಿಗೆ ಬರುತ್ತದೆ: ಹಕ್ಕಿ ತಲೆ ಬಾಗಿಸಿ ಮೂಲೆಗೆ ಸೇರುವ ಮುನ್ನವೇ ಎಷ್ಟೋ ಬೇನೆಗಳು ತೂಕದಲ್ಲಿ ಕಾಣಿಸಿಕೊಳ್ಳುತ್ತವೆ.

ಅವ್ವನಿಗೆ ಈ ಪುಸ್ತಕದ ಮೇಲೆ ಗೌರವವಿಲ್ಲ. ಅವಳದು ಕೈತೂಕ. ಸಂತೆಯಲ್ಲಿ ಕೋಳಿಯನ್ನು ಕಾಲು ಹಿಡಿದು ಎತ್ತಿ, ಹೆಬ್ಬೆರಳಿನಿಂದ ಎದೆಯ ಮೂಳೆಯ ಎರಡು ಪಕ್ಕ ಒತ್ತಿ, ರೆಕ್ಕೆಯ ಕೆಳಗೆ ಒಮ್ಮೆ ಊದಿ ಚರ್ಮದ ಬಣ್ಣ ನೋಡಿ, ಬೆಲೆ ಹೇಳಿಬಿಡುತ್ತಿದ್ದ ಪೀಳಿಗೆ ಅದು. ನಾಲ್ಕಾರು ಸಲ ಅವಳ ಅಂದಾಜನ್ನು ತಕ್ಕಡಿಗೆ ಹಾಕಿ ನೋಡಿದ್ದೇನೆ. ಐವತ್ತು ಗ್ರಾಂಗಿಂತ ಆಚೀಚೆ ಆದದ್ದು ಅಪರೂಪ. ಆ ವ್ಯಾಪಾರ ಒಂದು ಕೋಳಿಗೆ ಇಷ್ಟು ಎಂಬ ಲೆಕ್ಕದ್ದು. ಈಗ ಎಲ್ಲೆಡೆಯೂ ಕಿಲೋಗೆ ಇಷ್ಟು. ಈ ಬದಲಾವಣೆಯಿಂದ ಒಂದು ವಿಚಿತ್ರ ಸಂಭವಿಸಿದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಹೈದರಾಬಾದಿನ ವನರಾಜ ಮೊದಲಾದ ಸುಧಾರಿತ ತಳಿಗಳು ಬಣ್ಣದ ಪುಕ್ಕದವು, ಹಿತ್ತಿಲಲ್ಲಿ ಬೆಳೆಯಬಲ್ಲವು, ತೂಕದಲ್ಲಿ ನಾಟಿಯ ಎರಡರಷ್ಟು. ರೈತರಿಗೆ ಅವು ಮಾಡಿದ ಉಪಕಾರ ದೊಡ್ಡದು. ಆದರೆ ಸಂತೆಯಲ್ಲಿ ಅವೂ ‘ನಾಟಿ’ ಎಂಬ ಹೆಸರಿನಲ್ಲಿಯೇ ಮಾರಾಟವಾಗುತ್ತವೆ. ಕಿಲೋ ಲೆಕ್ಕದಲ್ಲಿ ಕೊಳ್ಳುವವನಿಗೆ ಹುಂಜದ ವಯಸ್ಸು ಕಾಣುವುದಿಲ್ಲ. ಅವ್ವನ ಹೆಬ್ಬೆರಳಿಗೆ ಕಾಣುತ್ತದೆ. ಮೂಳೆಯ ತುದಿ ಬಾಗಿದರೆ ಎಳೆಯದು. ಗಟ್ಟಿಯಾಗಿ ನಿಂತರೆ ಬಲಿತದ್ದು. ಕಾಲಿನ ಮುಳ್ಳು ಹೇಳುವುದು ಉಳಿದದ್ದನ್ನು.

ಇಂಥ ಸುಧಾರಿತ ತಳಿಗಳಲ್ಲಿ ಕಾವಿಗೆ ಕೂರುವ ಬುದ್ಧಿ ಕಡಿಮೆ. ಮರಿಗಾಗಿ ಮತ್ತೆ ಮತ್ತೆ ಕೇಂದ್ರಕ್ಕೇ ಹೋಗಬೇಕು. ನಾಟಿ ಹೇಂಟೆ ಹಾಗಲ್ಲ. ಹನ್ನೆರಡು ಹದಿನೈದು ಮೊಟ್ಟೆಯಿಟ್ಟು, ಕೂತಲ್ಲಿಂದ ಏಳದೆ ಇಪ್ಪತ್ತೊಂದು ದಿನ ಕಾವು ಕೊಟ್ಟು, ಹದ್ದಿನ ನೆರಳು ಕಂಡರೆ ರೆಕ್ಕೆಯಡಿ ಮರಿಗಳನ್ನು ಸೇರಿಸಿಕೊಳ್ಳುತ್ತಾಳೆ. ಅವಳ ಕಾಲು ಹಳದಿಯಾಗಿದ್ದರೆ ಅದಕ್ಕೊಂದು ಕಾರಣವೂ ಉಂಟು. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿಯಾದರೂ, ಹಳದಿ ಚರ್ಮದ ಗುಣ ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಬೂದು ಕಾಡುಕೋಳಿಯೆಂದರೆ ನಮ್ಮ ಪಶ್ಚಿಮಘಟ್ಟದಲ್ಲಿ ಇಂದಿಗೂ ಕೂಗುವ ಹಕ್ಕಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಳ್ಳಿಯಲ್ಲಿ ಯಾವ ಕೋಳಿಯನ್ನು ಮೊದಲು ಕೊಯ್ಯುತ್ತಾರೆ? ಹಬ್ಬಕ್ಕೆ, ನೆಂಟರಿಗೆ, ಹರಕೆಗೆ, ಸಂತೆಗೆ—ಎಲ್ಲಕ್ಕೂ ದಪ್ಪನಾದ, ಬೇಗ ಬೆಳೆದ, ಎದೆ ತುಂಬಿದ ಹುಂಜವೇ ಬೇಕು. ಹಿಂದುಳಿದದ್ದು, ‘ಇದು ಇನ್ನೂ ಬೆಳೆಯಲಿ’ ಎಂದು ಬಿಟ್ಟದ್ದು ಹಿತ್ತಿಲಲ್ಲಿ ಉಳಿದು ಮುಂದಿನ ಪೀಳಿಗೆಗೆ ತಂದೆಯಾಗುತ್ತದೆ. ದೇಹದ ತೂಕ ತಕ್ಕಮಟ್ಟಿಗೆ ವಂಶದಿಂದ ಬರುವ ಗುಣ. ಮೊಟ್ಟೆಯ ಸಂಖ್ಯೆಗಿಂತ ಹೆಚ್ಚಾಗಿ ಬರುತ್ತದೆ. ವರ್ಷ ವರ್ಷವೂ ಉತ್ತಮವಾದದ್ದನ್ನು ಉಂಡು ಅಧಮವಾದದ್ದನ್ನು ಬೀಜಕ್ಕೆ ಉಳಿಸುವವನ ಗದ್ದೆಯಲ್ಲಿ ಎಂಥ ಭತ್ತ ಬೆಳೆದೀತು? ನಾಟಿ ಕೋಳಿ ಸಣ್ಣದು ಎಂದು ಎಲ್ಲರೂ ಹೇಳುತ್ತೇವೆ. ಅದನ್ನು ಸಣ್ಣದು ಮಾಡುವುದರಲ್ಲಿ ನಮ್ಮ ಔತಣಗಳ ಪಾಲು ಎಷ್ಟೆಂದು ಕೇಳಿಕೊಳ್ಳುವುದಿಲ್ಲ. ಫಾರಂನವರು ತಕ್ಕಡಿ ನೋಡಿ ಅತಿ ಭಾರದ್ದನ್ನೇ ಉಳಿಸಿ ಒಂದು ಕೊನೆಗೆ ಹೋದರು; ನಾವು ತಕ್ಕಡಿಯೇ ಇಲ್ಲದೆ ಭಾರದ್ದನ್ನೆಲ್ಲ ತಿಂದು ಇನ್ನೊಂದು ಕೊನೆಗೆ ಹೋಗುತ್ತಿದ್ದೇವೆ. ನಾನು ತೂಗುವುದು ಯಾವುದನ್ನು ಕೊಯ್ಯಬೇಕೆಂದು ತಿಳಿಯುವುದಕ್ಕಲ್ಲ, ಯಾವುದನ್ನು ಕೊಯ್ಯಬಾರದೆಂದು ತಿಳಿಯುವುದಕ್ಕೆ. ಹಾಗೆ ಉಳಿಸುವುದೂ ಬರಿಯ ಭಾರ ನೋಡಿ ಅಲ್ಲ: ಹನ್ನೆರಡನೆಯ ವಾರಕ್ಕೆ ಓರಗೆಯವಕ್ಕಿಂತ ಮುಂದಿರಬೇಕು, ಕಾಲು ನೇರವಾಗಿರಬೇಕು, ಕಾವಿಗೆ ಚೆನ್ನಾಗಿ ಕೂತ ತಾಯಿಯ ಮಗನಾಗಿರಬೇಕು.

ಈ ತತ್ತ್ವ ಹೋದ ವರ್ಷ ಮಾರಮ್ಮನ ಹಬ್ಬದ ಮುಂದೆ ಪರೀಕ್ಷೆಗೆ ಬಂತು. ಹಿತ್ತಿಲಲ್ಲಿ ಬೂದಿ ಬಣ್ಣದ ಹುಂಜವೊಂದಿತ್ತು. ನಿಲುವು, ಎದೆ, ಕೂಗು ಎಲ್ಲದರಲ್ಲೂ ಮಿಗಿಲು. ಮರಿಯಾಗಿದ್ದಾಗಲೇ ಅವ್ವ ಅದನ್ನು ಹರಕೆಗೆ ಬಿಟ್ಟಿದ್ದಳು. ಚೀಲ ಹಿಡಿದು ಗೂಡಿನ ಬಳಿ ಹೋದರೆ ಅಡ್ಡ ನಿಂತಳು.

“ದ್ಯಾವರಿಗೆ ಬುಟ್ಟಿರೋ ಹುಂಜ ಕಣಪ್ಪ ಅದು. ತಕ್ಕಡಿಗೆ ಹಾಕ್‌ಬ್ಯಾಡ. ಮಾರಮ್ಮಂಗೆ ಯಾರಾದ್ರೂ ತೂಕ ನೋಡಿ ಕೊಡ್ತಾರಾ?”

“ಇದನ್ನ ಕೊಟ್ಟರೆ ಉಳಿಯೋದು ಆ ಗಿಡ್ಡ ಕೆಂಪು ಹುಂಜ ಒಂದೇ ಕಣವ್ವ.”

“ಅದಕ್ಕೇನಂತೆ? ಅದೂ ಕೂಗ್ತದೆ.”

ತರಗತಿಯಲ್ಲಿ ನಾನು ಜನ್ನನ ‘ಯಶೋಧರ ಚರಿತೆ’ಯನ್ನು ಪಾಠ ಹೇಳುವವನು. 1209ರ ಆ ಕಾವ್ಯದಲ್ಲಿ ಅರಸು ಕೊಲ್ಲುವುದು ಜೀವದ ಕೋಳಿಯನ್ನಲ್ಲ, ಹಿಟ್ಟಿನ ಹುಂಜವನ್ನು; ಆದರೂ ಮನಸ್ಸಿನಲ್ಲಿ ಮಾಡಿದ ಸಂಕಲ್ಪಕ್ಕಾಗಿ ತಾಯಿಯೂ ಮಗನೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ತೊಳಲುತ್ತಾರೆ, ಕಡೆಗೊಮ್ಮೆ ಕೋಳಿಗಳಾಗಿಯೇ ಹುಟ್ಟುತ್ತಾರೆ. ಭಾನುವಾರ ಮರಿಗಳನ್ನು ತೂಗಿ ಸೋಮವಾರ ಇದನ್ನು ಬೋಧಿಸುವ ಅಧ್ಯಾಪಕನ ಪಾಡನ್ನು ವಿದ್ಯಾರ್ಥಿಗಳು ಕಣ್ಣಲ್ಲೇ ನಗುತ್ತಾರೆ. ಜನ್ನನ ಲೆಕ್ಕದಲ್ಲಿ ಮರಿಯನ್ನು ತಕ್ಕಡಿಗಿಟ್ಟ ದಿನವೇ ನನ್ನ ಸಂಕಲ್ಪವಾಯಿತು. ಅದನ್ನು ಅಲ್ಲಗಳೆಯುವ ವಾದ ನನ್ನಲ್ಲಿಲ್ಲ. ಮಾಂಸ ಉಣ್ಣುವವನು ಉಣ್ಣುವುದರ ಹೆಸರು, ವಯಸ್ಸು, ತೂಕಗಳನ್ನು ತಿಳಿದು ಉಣ್ಣುವುದು ತಿಳಿಯದೆ ಉಣ್ಣುವುದಕ್ಕಿಂತ ಮೇಲೆಂದು ಮಾತ್ರ ನಂಬುತ್ತೇನೆ. ಅವ್ವನ ಹರಕೆಯೂ ಒಂದು ಸಂಕಲ್ಪವೇ. ರಾಜ್ಯದಲ್ಲಿ 1959ರ ಕಾಯಿದೆಯಂತೆ ಗುಡಿಯ ಆವರಣದಲ್ಲಿ ಬಲಿ ನಿಷಿದ್ಧವಾಗಿರುವುದರಿಂದ ನಮ್ಮಲ್ಲಿ ಹುಂಜಕ್ಕೆ ಕುಂಕುಮ ಇಟ್ಟು, ಅಮ್ಮನಿಗೆ ದೂರದಿಂದ ತೋರಿಸಿ, ಮನೆಯಲ್ಲಿ ಅಡುಗೆ ಮಾಡುತ್ತಾರೆ. ಕ್ರಮ ಬದಲಾದರೂ ಮಾತು ಮಾತೇ; ಮುರಿಯುವಂತಿಲ್ಲ.

ದಾರಿ ತೋರಿಸಿದವಳು ಅವ್ವನೇ. “ಹಬ್ಬಕ್ಕಿನ್ನೂ ಎರಡು ತಿಂಗಳದೆ. ಕರಿ ಹೇಂಟೆ ಕಾವಿಗೆ ಬರೋ ಹೊತ್ಗೆ ಮೊಟ್ಟೆ ಎತ್ತಿಡು” ಎಂದಳು. ಹೇಂಟೆಯ ಮೈಯಲ್ಲಿ ಹುಂಜದ ಬೀಜ ಎರಡು ಮೂರು ವಾರ ಉಳಿಯುತ್ತದೆ. ಆದ್ದರಿಂದ ಕೆಂಪು ಹುಂಜವನ್ನು ಮೂರು ವಾರ ಬೇರೆ ಕಟ್ಟಿಹಾಕಿ, ಆಮೇಲೆ ಎಂಟು ದಿನಗಳ ಮೊಟ್ಟೆಗಳನ್ನು ಆರಿಸಿದೆವು. ಕರಿ ಹೇಂಟೆಯ ಕೆಳಗೆ ಹನ್ನೊಂದು ಇಟ್ಟೆವು. ಹಬ್ಬದ ವಾರದಲ್ಲೇ ಒಂಬತ್ತು ಒಡೆದವು. ಬೂದಿ ಹುಂಜ ತನ್ನ ಪಾಲಿನ ದಾರಿ ಹಿಡಿಯಿತು. ತಕ್ಕಡಿಯನ್ನು ಅದು ಮುಟ್ಟಲೇ ಇಲ್ಲ. ಪುಸ್ತಕದಲ್ಲಿ ಅದರ ಸಾಲು ಖಾಲಿಯಾಗಿದೆ.

ಒಂಬತ್ತರಲ್ಲಿ ಎರಡನ್ನು ಹದ್ದು ಎತ್ತಿತು. ಉಳಿದ ಏಳರಲ್ಲಿ ನಾಲ್ಕು ಹುಂಜಗಳು. ಹನ್ನೆರಡನೆಯ ವಾರದ ಬೆಳಗ್ಗೆ ತೂಗಿದಾಗ ಹಳದಿ ದಾರದ್ದು 690 ಗ್ರಾಂ, ಬಿಳಿಯದು 760, ಹಸಿರಿನದು 790, ನೀಲಿಯದು 810. ಹಿಂದಿನ ಮರಿಗಳ ಸರಾಸರಿ ಏಳುನೂರೆಂದು ಆಗಲೇ ಹೇಳಿದೆ. ಒಂದೇ ಕಾವಿನ ನಾಲ್ಕು ಹಕ್ಕಿಗಳಿಂದ ತೀರ್ಪು ಕೊಡುವುದು ಆತುರವಾದೀತು. ಆ ವರ್ಷ ಗೆದ್ದಲೂ ಹೆಚ್ಚಾಗಿತ್ತು. ಆದರೂ ಕಾಣದ ತಂದೆಯ ತೂಕವನ್ನು ಮಕ್ಕಳ ತೂಕದಲ್ಲಿ ಓದುವುದು ತಳಿಶಾಸ್ತ್ರದಲ್ಲಿ ಒಪ್ಪಿತವಾದ ಕ್ರಮವೇ.

ನೀಲಿ ದಾರದ ಹುಂಜವನ್ನು ಒಡಹುಟ್ಟಿದ ಹೇಂಟೆಗಳ ನಡುವೆ ಬಿಡುವಂತಿಲ್ಲ. ಹೊಳೆಯಾಚೆಯ ಊರಿನಲ್ಲಿ ಅವ್ವನ ತಂಗಿಯ ಮನೆಯಿದೆ. ಅಲ್ಲಿಯ ಹುಂಜವೊಂದನ್ನು ತಂದು, ಇದನ್ನು ಅಲ್ಲಿಗೆ ಕೊಡುವುದೆಂದು ಮಾತಾಗಿದೆ. ಚಿಕ್ಕಮ್ಮ ತಮ್ಮದನ್ನು ತೂಗಿ ಕಳುಹಿಸಲು ಒಪ್ಪಿದ್ದಾಳೆ; ಅವಳ ಮನೆಯಲ್ಲಿ ರೇಷ್ಮೆಗೂಡು ತೂಗುವ ತಕ್ಕಡಿಯಿದೆ. ಹಸಿರು ದಾರದ್ದರ ಮೇಲೆ ಅವ್ವ ಆಗಲೇ ಕುಂಕುಮದ ಕಣ್ಣು ಹಾಕಿದ್ದಾಳೆ. ಮೊದಲು ಅದರಿಂದಲೂ ಒಂದು ಕಾವಿನ ಮೊಟ್ಟೆ ಎಂದು ನಾನು ಹೇಳಿದ್ದೇನೆ.